ಅಡುಗೆಮನೆಯಿಲ್ಲದ ನೂರು ದಿನ

ಜನವರಿಯಲ್ಲಿ ಸೌತಾಂಪ್ಟನ್ನಿನಿಂದಲೋ ಫ್ಲಾರಿಡಾದ ಬಂದರಿನಿಂದಲೋ ಹೊರಟು, ಭೂಮಿಗೆ ಒಂದು ಸುತ್ತು ಹಾಕಿ, ಬೇಸಿಗೆಯ ಹೊತ್ತಿಗೆ ಹೊರಟಲ್ಲಿಗೇ ಮರಳುವ ಪ್ರವಾಸಿ ಹಡಗುಗಳಲ್ಲಿ ತುಂಬಿರುವವರು ಹೆಚ್ಚಾಗಿ ನಿವೃತ್ತ ದಂಪತಿಗಳು. ಕ್ಯುನಾರ್ಡ್ ಕಂಪನಿಯ ಲಕೋನಿಯಾ 1922ರಲ್ಲಿ ನ್ಯೂಯಾರ್ಕಿನಿಂದ ಹೊರಟು ಇಂಥ ವಿಶ್ವಪ್ರವಾಸಕ್ಕೆ ನಾಂದಿ ಹಾಡಿತು. ಇಷ್ಟು ದೀರ್ಘ ಪ್ರಯಾಣಕ್ಕೆ ಬೇಕಾದ ಸಮಯ ಮತ್ತು ಹಣ ಒಂದೇ ಕೈಯಲ್ಲಿ ಸೇರುವುದು ಹೆಚ್ಚಾಗಿ ಅರವತ್ತು ದಾಟಿದ ಮೇಲೆಯೇ. ಹೋಗಿಬಂದವರನ್ನು ಜನ ಕೇಳುವುದು ಅಲೆಯ ಬಗ್ಗೆ, ವಾಂತಿಯ ಬಗ್ಗೆ, ಖರ್ಚಿನ ಬಗ್ಗೆ. ಅಲೆಗೆ ದೊಡ್ಡ ಹಡಗುಗಳಲ್ಲಿ ಓಲಾಟ ತಗ್ಗಿಸುವ ರೆಕ್ಕೆಗಳಿವೆ, ವಾಂತಿಗೆ ಮಾತ್ರೆ ಇದೆ, ಖರ್ಚಿಗೆ ಮದ್ದಿಲ್ಲ. ಯಾರೂ ಕೇಳದ ಪ್ರಶ್ನೆ ಬೇರೆ ಇದೆ: ಹಡಗು ಹತ್ತಿದ ದಿನ ನಿಜಕ್ಕೂ ನಿವೃತ್ತರಾಗುವವರು ಯಾರು? ಗಂಡ ಹಾರ ಹಾಕಿಸಿಕೊಂಡು, ಶಾಲು ಹೊದೆಸಿಕೊಂಡು, ಫಲತಾಂಬೂಲದೊಂದಿಗೆ ಮನೆಗೆ ಬಂದು ಎಷ್ಟೋ ವರ್ಷವಾಗಿರುತ್ತದೆ. ನಮ್ಮ ತಲೆಮಾರಿನ ಹೆಂಗಸರಿಗೆ, ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ಪಿಂಚಣಿ ಪಡೆಯುತ್ತಿರುವವರಿಗೂ, ಮನೆಗೆಲಸದಿಂದ ಅಂಥ ಕೊನೆಯ ದಿನ ಬಂದೇ ಇರುವುದಿಲ್ಲ. ಅದು ಬರುವುದು ಹಡಗಿನ ಏಣಿ ಹತ್ತಿದ ಮಧ್ಯಾಹ್ನ, ಬೀಳ್ಕೊಡುಗೆಯ ಭಾಷಣವಿಲ್ಲದೆ. ಇದನ್ನು ಮೊದಲೇ ತಿಳಿದು ದಿನಚರಿ ಕಟ್ಟಿಕೊಂಡ ದಂಪತಿಗೆ ದೀರ್ಘಯಾನ ಹಿತವಾಗುತ್ತದೆ. ಬರೀ ಊರು ನೋಡಲು ಹೊರಟವರಿಗೆ ಮೂರನೇ ವಾರದಲ್ಲೇ ಭಾರವಾಗುತ್ತದೆ ಎಂಬುದು ಅಂಥ ಪ್ರಯಾಣ ನನಗೆ ಕಲಿಸಿದ ಪಾಠ.

ಊರು ನೋಡುವ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಕಂಪನಿಯ ಕರಪತ್ರದ ನಕ್ಷೆಯಲ್ಲಿ ಕಣ್ಣಿಗೆ ಬೀಳುವುದು ಬಂದರುಗಳ ಚುಕ್ಕೆಗಳು. ನಾವು ಬದುಕುವುದು ಚುಕ್ಕೆಗಳ ನಡುವಿನ ಗೆರೆಯ ಮೇಲೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊನೊಲುಲುವಿಗೆ ಸುಮಾರು 3,900 ಕಿ.ಮೀ. ಗಂಟೆಗೆ 37 ಕಿ.ಮೀ. ಆಸುಪಾಸಿನಲ್ಲಿ ಸಾಗುವ ಹಡಗಿಗೆ ಅದು ನಾಲ್ಕೂವರೆ ದಿನದ ದಾರಿ. ಅಲ್ಲಿಂದ ಸಮೋವಾಕ್ಕೆ ಮತ್ತೆ ಹೆಚ್ಚುಕಡಿಮೆ ಐದು ದಿನ. ಹಡಗನ್ನು 26 ಮೀಟರ್ ಮೇಲೆತ್ತಿ ಆಚೆ ಬದಿಗೆ ಇಳಿಸುವ ಪನಾಮಾ ಕಾಲುವೆಯ 80 ಕಿ.ಮೀ. ಒಂದೇ ಹಗಲಲ್ಲಿ ಮುಗಿದುಹೋಗುತ್ತದೆ. ಬಂದರಿನ ಭೇಟಿಯೂ ಅಷ್ಟೆ. ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳ ಪ್ರವಾಸಿಗರನ್ನೇ ನೋಡಿ: ಕಾರ್ಕಳದ ಗೊಮ್ಮಟ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಒಂದು ಗೋಡಂಬಿ ಕಾರ್ಖಾನೆ ಎಂದು ಬಸ್ಸಿನಲ್ಲಿ ಓಡಾಡಿ, ಬಿಸಿಲು ಇಳಿಯುವ ಹೊತ್ತಿಗೆ ಹಡಗು ಸೇರಿರಬೇಕು. ಅವರು ತುಳುನಾಡನ್ನು ನೋಡಿದಷ್ಟೇ ನಾವು ಅವರ ಊರುಗಳನ್ನು ನೋಡುತ್ತೇವೆ. ಉಳಿಯುವುದು ನೀರಿನ ಮೇಲಿನ ದಿನಗಳು. ಆ ದಿನಗಳನ್ನು ಹೇಗೆ ಕಳೆದೆವು ಎಂಬುದೇ ಪ್ರಯಾಣದ ಸುಖದುಃಖವನ್ನು ತೀರ್ಮಾನಿಸುತ್ತದೆ.

ನೀರಿನ ಮೇಲಿನ ದಿನದಲ್ಲಿ ಮಾಡಲು ಏನೂ ಇಲ್ಲವೆಂದಲ್ಲ. ಮರುದಿನದ ಕಾರ್ಯಕ್ರಮಗಳ ಹಾಳೆ ಹಿಂದಿನ ರಾತ್ರಿಯೇ ಕ್ಯಾಬಿನ್ನಿಗೆ ಬರುತ್ತದೆ: ಬೆಳಿಗ್ಗೆ ಉಪನ್ಯಾಸ, ಆಮೇಲೆ ನೃತ್ಯದ ಪಾಠ, ಇಸ್ಪೀಟಿನ ಬ್ರಿಜ್ ಮೇಜು, ಕ್ವಿಜ್, ಪ್ರಯಾಣಿಕರದೇ ಗಾಯನವೃಂದ, ನಾಲ್ಕಕ್ಕೆ ಚಹಾ, ರಾತ್ರಿ ನಾಟಕಶಾಲೆಯಲ್ಲಿ ಪ್ರದರ್ಶನ. ಕ್ವೀನ್ ಮೇರಿ 2ರಂಥ ಹಡಗಿನಲ್ಲಿ ನಡೆದಾಡುವ ಡೆಕ್ಕನ್ನು ಮೂರು ಸುತ್ತು ಹಾಕಿದರೆ ಸುಮಾರು 1.8 ಕಿ.ಮೀ. ಆಗುತ್ತದೆ, ವಾಕಿಂಗಿಗೂ ಕೊರತೆಯಿಲ್ಲ. ಇಲ್ಲದಿರುವುದು ಮನೆಗೆಲಸ ಮಾತ್ರ. ಹಾಸಿಗೆ ಸರಿಪಡಿಸುವುದಕ್ಕೆ ಸ್ಟೀವರ್ಡ್ ಇದ್ದಾನೆ, ತಟ್ಟೆ ಎತ್ತುವುದಕ್ಕೆ ಇನ್ನೊಬ್ಬ. ಕೊನೆಗೆ ಉಳಿಯುವ ಒಂದೇ ಕೆಲಸ ಬಟ್ಟೆ ಒಗೆಯುವುದು. ಪ್ರಯಾಣಿಕರೇ ಬಳಸುವ ವಾಷಿಂಗ್ ಮಷಿನ್ ಕೋಣೆಯಿರುವ ಹಡಗುಗಳಲ್ಲಿ ಇಡೀ ಹಡಗಿನ ಸುದ್ದಿಯೂ ಜಗಳವೂ ಅಲ್ಲೇ ಹುಟ್ಟುತ್ತವೆ. ಹಣ ಕೊಟ್ಟರೆ ಇಸ್ತ್ರಿ ಮಾಡಿಯೇ ತಂದುಕೊಡುವ ವ್ಯವಸ್ಥೆ ಇದ್ದರೂ ಅಲ್ಲಿ ಸಾಲು ಕರಗುವುದಿಲ್ಲ. ಜಿಪುಣತನ ಅಂದುಕೊಳ್ಳಬಹುದು, ನನಗೆ ಹಾಗೆ ಕಾಣುವುದಿಲ್ಲ. ನಲವತ್ತು ವರ್ಷ ಮನೆ ನಡೆಸಿದ ಕೈಗಳಿಗೆ ಹಡಗಿನಲ್ಲಿ ದಕ್ಕುವ ಕಟ್ಟಕಡೆಯ ಕೆಲಸ ಅದು. ಬ್ರಿಟಿಷ್ ಅಜ್ಜಿಯರಿಗೂ ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಮನೆಯಲ್ಲಿ ಗಂಡಹೆಂಡಿರ ಹಗಲನ್ನು ಬೇರೆ ಬೇರೆಯಾಗಿ ಇಡುವುದು ಈ ಕೆಲಸಗಳೇ. ಆತ ಪೇಪರು ಹಿಡಿದು ಜಗುಲಿಯಲ್ಲಿ ಕೂರುತ್ತಾನೆ, ಆಕೆ ಒಗ್ಗರಣೆ ಹಾಕುತ್ತಾಳೆ. ಆತ ಬ್ಯಾಂಕಿಗೋ ಪಾರ್ಕಿಗೋ ಹೋದಾಗ ಆಕೆಗೆ ಮನೆ ಸಿಗುತ್ತದೆ. ನಿವೃತ್ತ ಗಂಡನ ದಿನಚರಿ ತನ್ನದೇ ಶಿಸ್ತಿನಿಂದ ನಡೆಯುತ್ತಿದೆ ಎಂದು ಆತ ನಂಬಿರುತ್ತಾನೆ. ಆರಕ್ಕೆ ಕಾಫಿ, ಎಂಟೂವರೆಗೆ ತಿಂಡಿ, ಒಂದಕ್ಕೆ ಊಟ ಎಂಬ ಗೂಟಗಳನ್ನು ನೆಟ್ಟವಳು ಹೆಂಡತಿ ಎಂಬುದು ಹಡಗಿನಲ್ಲಿ ಬಯಲಾಗುತ್ತದೆ. ಅಲ್ಲಿ ಆತನ ಪೇಪರೂ ಇಲ್ಲ, ಪಾರ್ಕಿನ ಗೆಳೆಯರೂ ಇಲ್ಲ. ಆ ಖಾಲಿಯನ್ನು ತುಂಬುವವಳು ಎಂದು ಆತ ನೋಡುವುದು ಹೆಂಡತಿಯ ಕಡೆಗೆ. ಆಕೆಗೋ ಜೀವನದಲ್ಲಿ ಮೊದಲ ಸಲ ಯಾರಿಗೂ ಏನೂ ಮಾಡಬೇಕಿಲ್ಲದ ಬೆಳಗು ಸಿಕ್ಕಿರುತ್ತದೆ. ಇದರ ಮೇಲೆ ಇಬ್ಬರಿಗೂ ಸೇರಿ ನೂರೈವತ್ತೋ ನೂರೆಂಬತ್ತೋ ಚದರ ಅಡಿಯ ಕ್ಯಾಬಿನ್. ಅಷ್ಟು ಜಾಗದಲ್ಲಿ ಇಬ್ಬರೇ ಬಂದಿಯಾದರೆ ಏನಾಗಬಹುದೆಂದು 2020ರ ಫೆಬ್ರವರಿಯಲ್ಲಿ ಜಗತ್ತು ನೋಡಿದೆ. ಕೊರೊನಾ ಸೋಂಕಿನಿಂದಾಗಿ ಯೊಕೊಹಾಮಾದಲ್ಲಿ ಡೈಮಂಡ್ ಪ್ರಿನ್ಸೆಸ್ ಹಡಗನ್ನು 3,711 ಜನರ ಸಮೇತ ತಡೆಹಿಡಿದಾಗ ಕಿಟಕಿಯಿಲ್ಲದ ಕ್ಯಾಬಿನ್ನಿನವರನ್ನು ಸರದಿಯ ಮೇಲೆ ಸ್ವಲ್ಪ ಹೊತ್ತು ಡೆಕ್ಕಿಗೆ ಬಿಡಬೇಕಾಯಿತು. ಸೋಂಕಿನ ಆ ದಿನಗಳು ವಿಪರೀತ, ನಿಜ. ಆದರೆ ಕ್ಯಾಬಿನ್ ಇರುವುದು ಮಲಗುವುದಕ್ಕೆ, ಹಗಲು ಕಳೆಯುವುದಕ್ಕಲ್ಲ ಎಂಬುದು ಸಾಮಾನ್ಯ ದಿನಕ್ಕೂ ಹೊಂದುವ ಮಾತು. ಆದ್ದರಿಂದ ಹಗಲನ್ನು ಮೊದಲ ವಾರದಲ್ಲೇ ಹಂಚಿಕೊಳ್ಳಬೇಕು: ಆತ ಉಪನ್ಯಾಸಕ್ಕೆ, ಆಕೆ ಗಾಯನಕ್ಕೆ, ಅಥವಾ ಆಕೆ ಸುಮ್ಮನೆ ಡೆಕ್ಕಿನ ಕುರ್ಚಿಗೆ. ಮಧ್ಯಾಹ್ನದ ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಹೇಳಲು ಏನಾದರೂ ಇರುತ್ತದೆ. ರಾತ್ರಿ ಊಟಕ್ಕೆ ಇಬ್ಬರದೇ ಮೇಜು ಕೇಳದೆ ಆರೆಂಟು ಜನರ ಮೇಜು ಕೇಳುವುದು ಒಳ್ಳೆಯದು.

ಗಡಿಯಾರದ ವಿಷಯ ಚಿಕ್ಕದು, ಆದರೆ ವಯಸ್ಸಾದವರು ಮರೆಯುವಂತಿಲ್ಲ. ಪಶ್ಚಿಮಕ್ಕೆ ಸಾಗುವಾಗ ಆಗಾಗ ದಿನಕ್ಕೆ ಇಪ್ಪತ್ತೈದು ಗಂಟೆ ಸಿಗುತ್ತದೆ, ಪೂರ್ವಕ್ಕಾದರೆ ಇಪ್ಪತ್ತಮೂರೇ. ಪಶ್ಚಿಮಕ್ಕೆ ಹೋಗುವವರು ದಿನರೇಖೆ ದಾಟುವಾಗ ಒಂದು ಇಡೀ ದಿನವನ್ನು ಕಳೆದುಕೊಳ್ಳುತ್ತಾರೆ. ಭೂಮಿಗೆ ಮೊದಲ ಸುತ್ತು ಹಾಕಿದ ಯಾನದಲ್ಲಿ ಮೆಗಲ್ಲನ್ ಜೊತೆ ಹೊರಟು ಬದುಕಿ ಮರಳಿದ ಪಿಗಫೆಟ್ಟಾ 1522ರ ಜುಲೈಯಲ್ಲಿ ಕೇಪ್ ವರ್ಡೆ ತಲುಪಿದಾಗ, ಹಡಗಿನ ಲೆಕ್ಕದ ಬುಧವಾರ ದಡದಲ್ಲಿ ಗುರುವಾರವಾಗಿತ್ತು. ಆತನಿಗೆ ಅದು ಬೆರಗು, ಬಿ.ಪಿ., ಸಕ್ಕರೆ ಕಾಯಿಲೆಯವರಿಗೆ ಅದು ಮಾತ್ರೆಯ ಪ್ರಶ್ನೆ. ಎಷ್ಟು ಗಂಟೆಗೊಮ್ಮೆ ಯಾವ ಮಾತ್ರೆ, ಇನ್ಸುಲಿನ್ ಹೇಗೆ ಎಂದು ಹೊರಡುವ ಮುಂಚೆಯೇ ವೈದ್ಯರಿಂದ ಬರೆಸಿಕೊಳ್ಳಬೇಕು. ದಿಕ್ಕು ಆಯುವ ಅವಕಾಶವಿದ್ದರೆ ಪಶ್ಚಿಮವೇ ವಾಸಿ. ನಿದ್ದೆಗೆಟ್ಟ ಇಬ್ಬರು ಚಿಕ್ಕ ಕೋಣೆಯಲ್ಲಿರುವುದು ಬೇಡ.

ಹೀಗೆ ಬೇರೆ ಬೇರೆ ಇರುವುದಾದರೆ ಜೊತೆಯಾಗಿ ಏಕೆ ಹೋಗಬೇಕು ಎಂದು ಕೇಳುವವರಿದ್ದಾರೆ. ಮನೆಯಲ್ಲಿ ನಾವು ಬೇರೆ ಬೇರೆಯಾಗಿಯೇ ಇದ್ದೆವು, ಕೆಲಸಗಳು ಅದನ್ನು ಮರೆಮಾಡಿದ್ದವು, ಅಷ್ಟೆ. ಬಾಲ್ಕನಿಯಿರುವ ದೊಡ್ಡ ಕೋಣೆ ಕೊಂಡರೆ ತೊಂದರೆ ತೀರುತ್ತದೆ ಎಂಬ ವಾದವೂ ಉಂಟು. ಹಣದಿಂದ ಜಾಗ ಸಿಗುತ್ತದೆ, ದಿನಚರಿ ಸಿಗುವುದಿಲ್ಲ. ಇನ್ನು ನಮ್ಮವರ ದೊಡ್ಡ ಆಕ್ಷೇಪ ಊಟದ್ದು: ಮೂರು ತಿಂಗಳು ಹುಳಿ, ಸಾರು ಇಲ್ಲದೆ ಇರುವುದು ಹೇಗೆ? ಸಸ್ಯಾಹಾರ ಸಿಗುತ್ತದೆ, ಮುಂಚೆಯೇ ತಿಳಿಸಿದರೆ, ಅಡುಗೆಯವರಲ್ಲಿ ಭಾರತೀಯರಿದ್ದರೆ, ಬೇಳೆ ಅನ್ನವೂ ಸಿಗುತ್ತದೆ. ಆದರೆ ಎರಡನೇ ತಿಂಗಳಲ್ಲಿ ಆಕೆಗೆ ತಾನೇ ಒಂದು ಚೂರು ತಿಳಿಸಾರು ಕುದಿಸಿಕೊಳ್ಳೋಣ ಅನ್ನಿಸುತ್ತದೆ, ಅಂಥ ಆಸೆಗೆ ಹಡಗಿನಲ್ಲಿ ದಾರಿಯಿಲ್ಲ. ಬೆಂಕಿಯ ಭಯಕ್ಕೆ ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಯಾವುದನ್ನೂ ಕ್ಯಾಬಿನ್ನಿಗೆ ತರಗೊಡುವುದಿಲ್ಲ. ಚಟ್ನಿಪುಡಿಯ ಡಬ್ಬಿಯೊಂದು ಸೂಟ್‌ಕೇಸಿನಲ್ಲಿದ್ದರೆ ಒಳಿತು, ಅದನ್ನೂ ಬಂದರುಗಳಲ್ಲಿ ದಡಕ್ಕೆ ಒಯ್ಯದಿದ್ದರೆ ಇನ್ನೂ ಒಳಿತು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಆಕೆಯ ಕೆಲಸ ಮಾಯವಾಗಿಲ್ಲ, ಬೇರೆಯವರ ಹೆಗಲಿಗೆ ಹೋಗಿದೆ. ಫಿಲಿಪ್ಪೀನ್ಸಿನವರು, ಇಂಡೋನೇಷ್ಯಾದವರು, ನಮ್ಮ ಗೋವಾ ಮತ್ತು ಮಂಗಳೂರು ಕರಾವಳಿಯ ಹುಡುಗರು ತಿಂಗಳುಗಟ್ಟಲೆ ಮನೆಮಂದಿಯನ್ನು ಬಿಟ್ಟು ಆ ಹಾಸಿಗೆ ಹಾಸುತ್ತಾರೆ, ಆ ತಟ್ಟೆ ತೊಳೆಯುತ್ತಾರೆ. 2013ರಲ್ಲಿ ಜಾರಿಗೆ ಬಂದ ಕಡಲ ಕಾರ್ಮಿಕರ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ವಿಶ್ರಾಂತಿಗೂ ಲೆಕ್ಕವಿದೆ. ದಿನಕ್ಕೆ ಕನಿಷ್ಠ ಹತ್ತು ಗಂಟೆ, ವಾರಕ್ಕೆ 77 ಗಂಟೆ ವಿರಾಮ ಕೊಡಬೇಕು. ಅಂದರೆ ಹದಿನಾಲ್ಕು ಗಂಟೆಯವರೆಗೆ ದುಡಿಸಲು ಅವಕಾಶವಿದೆ. ಈ ಆಕ್ಷೇಪವನ್ನು ತಳ್ಳಿಹಾಕಲು ನನ್ನ ಬಳಿ ಉತ್ತರವಿಲ್ಲ, ತಳ್ಳಿಹಾಕಲೂಬಾರದು. ಹಲವು ಹಡಗುಗಳು ದಿನದಿನದ ಬಿಲ್ಲಿಗೆ ಸಿಬ್ಬಂದಿಯ ಟಿಪ್ಸನ್ನೂ ಸೇರಿಸುತ್ತವೆ. ಕೌಂಟರಿಗೆ ಹೋಗಿ ಅದನ್ನು ತೆಗೆಸುವ ಪ್ರಯಾಣಿಕರೂ ಇದ್ದಾರೆ, ಅದು ಸಣ್ಣತನ. ಆದರೂ ಒಂದು ಮಾತು ಹೇಳಬೇಕು. ಅದೇ ಕೆಲಸ ಹಡಗಿನಲ್ಲಿ ಸಂಬಳದ, ಕರಾರಿನ, ಗಂಟೆಯ ಮಿತಿಯಿರುವ ಕೆಲಸವಾಗುತ್ತದೆ. ಮನೆಯಲ್ಲಿ ಅದಕ್ಕೆ ವಾರಕ್ಕೆ 77 ಗಂಟೆಯ ವಿರಾಮವನ್ನು ಯಾರೂ ಬರೆದುಕೊಟ್ಟಿಲ್ಲ. ಗಂಡಸರಿಗೆ ಇದನ್ನು ವಾದ ಮಾಡಿ ಒಪ್ಪಿಸುವುದು ಕಷ್ಟ. ಒಂದು ಕೋಣೆಯ ಶುಚಿಗೆ ಒಬ್ಬ ಮನುಷ್ಯ ದಿನಕ್ಕೆ ಎರಡು ಸಲ ಬಂದು ಎಷ್ಟು ಹೊತ್ತು ಬಗ್ಗಿ ಏಳುತ್ತಾನೆ ಎಂಬುದನ್ನು ಕುರ್ಚಿಯಲ್ಲಿ ಕೂತು ವಾರಗಟ್ಟಲೆ ನೋಡಿದ ಮೇಲೆ ಸ್ವಲ್ಪ ಸುಲಭ.

ಕೊನೆಯ ಆಕ್ಷೇಪ: ಹೇಗಿದ್ದರೂ ನೂರು ದಿನದ ಮಾತು, ಇಳಿದ ಮೇಲೆ ಎಲ್ಲ ಮೊದಲಿನಂತೆಯೇ. ಆಗಬಹುದು, ಹೆಚ್ಚಿನ ಮನೆಗಳಲ್ಲಿ ಆಗುವುದೂ ಅದೇ. ಕೆಲಸದ ಹಂಚಿಕೆಯ ಮಾತನ್ನು ಊರಿಗೆ ಬಂದ ಮೇಲೆ ಆಡುತ್ತೇವೆ ಎಂದು ಮುಂದೂಡಿದರೆ ಅದು ಆಗುವುದೇ ಇಲ್ಲ. ಬಂದಿಳಿದ ದಿನವೇ ಹಾಲಿನ ಪ್ಯಾಕೆಟ್ಟು, ಧೂಳು, ಮುಗಿದುಹೋದ ಗ್ಯಾಸು ಬಾಗಿಲಲ್ಲಿ ಕಾದಿರುತ್ತವೆ, ಅಭ್ಯಾಸವಿರುವ ಕೈ ಮುಂದಾಗುತ್ತದೆ. ಸೂಟ್‌ಕೇಸುಗಳನ್ನು ಹಿಂದಿನ ರಾತ್ರಿ ಕ್ಯಾಬಿನ್ ಬಾಗಿಲಾಚೆ ಇಡಲು ಹೇಳುವ ಮುಂಚಿನ ನಾಲ್ಕೈದು ದಿನ ಸಾಮಾನ್ಯವಾಗಿ ನೀರಿನ ಮೇಲೆಯೇ ಕಳೆಯುತ್ತವೆ. ಬೆಳಗಿನ ಕಾಫಿ ಯಾರದು, ರಾತ್ರಿಯ ಅಡುಗೆ ವಾರದಲ್ಲಿ ಎಷ್ಟು ದಿನ ಯಾರದು, ಯಾವುದಕ್ಕೆ ಆಳು ಇಡುವುದು ಎಂದು ಆ ದಿನಗಳಲ್ಲೇ ಕೂತು ಹಾಳೆಯ ಮೇಲೆ ಬರೆದುಕೊಳ್ಳುವುದು ಉತ್ತಮ. ಹಾಳೆಗೇನೂ ಕೊರತೆಯಿಲ್ಲ, ಕಾರ್ಯಕ್ರಮದ ಪಟ್ಟಿಯ ಹಿಂಬದಿ ಎಷ್ಟೋ ಸಲ ಖಾಲಿಯಿರುತ್ತದೆ.