ಕಾಂಕ್ರೀಟಿನ ಕೆಳಗಿನ ಮಣ್ಣು

ಮಕ್ಕಳೇ, ಮಳೆ ನಿಂತ ಕೂಡಲೇ ಒಮ್ಮೆ ಬೀದಿಗೆ ಬಂದು ನೋಡಿ. ಸಿಮೆಂಟ್ ರಸ್ತೆಯ ಮೇಲೆ ನೀರು ಸರಸರನೆ ಹರಿದು ಚರಂಡಿಗೆ ಇಳಿಯುತ್ತಿರುತ್ತದೆ. ಪಕ್ಕದ ಖಾಲಿ ನಿವೇಶನದಲ್ಲಿ ಹುಲ್ಲು ಬೆಳೆದಿದ್ದರೆ ಅಲ್ಲಿಂದ ಅಷ್ಟು ನೀರು ಹೊರಗೆ ಹರಿಯುವುದಿಲ್ಲ. ಎರಡು ಕಡೆಯೂ ಬಿದ್ದದ್ದು ಒಂದೇ ಮಳೆ. ಹಾಗಾದರೆ ಹುಲ್ಲಿನ ಮೇಲೆ ಬಿದ್ದ ನೀರು ಎಲ್ಲಿಗೆ ಹೋಯಿತು?

ಮಣ್ಣಿನೊಳಕ್ಕೆ ಹೋಯಿತು. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಎರೆಹುಳು, ಇರುವೆ, ಹುಲ್ಲಿನ ಬೇರು ಇವೆಲ್ಲ ಅಲ್ಲಿ ಇನ್ನಷ್ಟು ದಾರಿಗಳನ್ನು ಮಾಡಿರುತ್ತವೆ. ಆ ದಾರಿಗಳಲ್ಲಿ ನೀರು ಕೆಳಗಿಳಿಯುವುದಕ್ಕೆ ಇಂಗುವುದು ಎನ್ನುತ್ತೇವೆ. ಮಾಲೂರು ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಊರು. ಅಲ್ಲಿನ ಮಕ್ಕಳಿಗೆ ಸಂದುಗಳ ಕೆಲಸವನ್ನು ತೋರಿಸುವುದು ಸುಲಭ. ಒಣಗಿದ ಇಟ್ಟಿಗೆಯೊಂದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳುಗುಳು ಎಂದು ಗುಳ್ಳೆಗಳು ಏಳುತ್ತವೆ. ಇಟ್ಟಿಗೆಯ ಸಂದುಗಳಲ್ಲಿದ್ದ ಗಾಳಿ ಹೊರಬಂದು ಅಲ್ಲಿಗೆ ನೀರು ಹೋಗುತ್ತಿದೆ. ಕಾಂಕ್ರೀಟಿನಲ್ಲೂ ರಂಧ್ರಗಳಿವೆ, ಆದರೆ ಅವು ತೀರ ಸಣ್ಣವು. ಮಳೆಯ ನೀರು ಅವುಗಳೊಳಗೆ ಇಳಿಯುವ ಮೊದಲೇ ಹರಿದುಹೋಗಿಬಿಡುತ್ತದೆ.

ಹೀಗೆ ಹೋಗುವ ನೀರು ಎಷ್ಟು? ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ನಿಮ್ಮ ಬೀದಿ 100 ಮೀಟರ್ ಉದ್ದ, 6 ಮೀಟರ್ ಅಗಲ ಇದೆ ಎಂದುಕೊಳ್ಳಿ. ವಿಸ್ತೀರ್ಣ 600 ಚದರ ಮೀಟರ್. 20 ಮಿಲಿಮೀಟರಿನ ಒಂದು ಒಳ್ಳೆಯ ಮಳೆಗೆ ಆ ಬೀದಿಯ ಮೇಲೆ 12,000 ಲೀಟರ್ ನೀರು ಬೀಳುತ್ತದೆ. 15 ಲೀಟರಿನ ಕೊಡದಲ್ಲಿ ಅಳೆದರೆ 800 ಕೊಡ! ಅದೂ ಒಂದೇ ಬೀದಿಯಲ್ಲಿ, ಒಂದೇ ಮಳೆಗೆ.

ಕೋಲಾರ ಜಿಲ್ಲೆಗೆ ಈ ಲೆಕ್ಕ ಸಣ್ಣದಲ್ಲ. ಇಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಹಿಂದಿನವರು ಅದಕ್ಕಾಗಿಯೇ ಊರೂರಿಗೆ ಕೆರೆ ಕಟ್ಟಿದ್ದರು. ಈಗ ಕೊಳವೆಬಾವಿಗಳನ್ನು ಸಾವಿರ ಅಡಿಗೂ ಆಳಕ್ಕೆ ಕೊರೆಸುತ್ತಾರೆ. ಎಷ್ಟೋ ಕಡೆ ಬರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಬಹಳ ಕಾಲ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ಮೂಳೆಗಳಿಗೂ ತೊಂದರೆಯಾಗುತ್ತದೆ. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ಪೈಪುಗಳ ಮೂಲಕ ತಂದು ಕೋಲಾರದ ಕೆರೆಗಳಿಗೆ ತುಂಬಿಸಲು ಆರಂಭಿಸಿದರು. ಅದೇ ಕೆ.ಸಿ. ವ್ಯಾಲಿ ಯೋಜನೆ. ಅಷ್ಟು ದೂರದಿಂದ ನೀರು ತರುವ ಜಿಲ್ಲೆಯಲ್ಲಿ ಮನೆ ಮುಂದಿನ ಮಳೆ ಚರಂಡಿಗೆ ಹೋಗುತ್ತದೆ. ಚರಂಡಿಯ ನೀರು ಕೊನೆಗೆ ಕೆರೆ ಸೇರಬಹುದಲ್ಲ ಎಂದು ನೀವು ಕೇಳಬಹುದು. ಸೇರಬಹುದು, ಆದರೆ ದಾರಿಯಲ್ಲಿ ವಾಹನಗಳ ಎಣ್ಣೆ, ಪ್ಲಾಸ್ಟಿಕ್, ಕಸ ಎಲ್ಲವನ್ನೂ ಹೊತ್ತುಕೊಂಡು ಸೇರುತ್ತದೆ.

ಇನ್ನು ಬಿಸಿಲಿನ ಮಾತು. ಏಪ್ರಿಲ್ ಮಧ್ಯಾಹ್ನ ಡಾಂಬರಿನ ಮೇಲ್ಮೈ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಹಗಲು ಹೀರಿಕೊಂಡ ಶಾಖವನ್ನು ಡಾಂಬರು, ಕಾಂಕ್ರೀಟು ರಾತ್ರಿಯೂ ಹೊರಬಿಡುತ್ತಿರುತ್ತವೆ. ಮರ ಮಾಡುವುದು ಬೇರೆ ಕೆಲಸ. ನೆರಳು ಕೊಡುವುದರ ಜೊತೆಗೆ ಎಲೆಗಳಿಂದ ನೀರನ್ನು ಆವಿಯಾಗಿ ಬಿಡುತ್ತದೆ. ಇದೇ ಬಾಷ್ಪವಿಸರ್ಜನೆ. ನೀರು ಆವಿಯಾಗುವಾಗ ಶಾಖವನ್ನು ಸೆಳೆದುಕೊಳ್ಳುವುದರಿಂದ ಸುತ್ತ ತಂಪಾಗುತ್ತದೆ. ಆದರೆ ಬೇರುಗಳಿಗೂ ಉಸಿರಾಡಲು ಗಾಳಿ ಬೇಕು. ಬುಡದವರೆಗೂ ಕಾಂಕ್ರೀಟ್ ಮೆತ್ತಿದರೆ ಮರ ನಿಧಾನವಾಗಿ ಸೊರಗಿ, ಒಂದು ಗಾಳಿಮಳೆಗೆ ಉರುಳುತ್ತದೆ. ಇದೇ ಕಾರಣಕ್ಕೆ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ದೆಹಲಿಯ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟನ್ನು ತೆಗೆಯಲು ಆದೇಶಿಸಿತು.

ಬೀದಿಯಲ್ಲಿ ಜನ ಕೂರಲು ಹಸಿರು ಜಾಗ ಇರಬೇಕು ಎಂಬುದು ನಮಗೆ ಹೊಸ ವಿಚಾರವೇನೂ ಅಲ್ಲ. ಅರಳಿಕಟ್ಟೆ ಮತ್ತೇನು? ಮರ, ನೆರಳು, ಕೂರಲು ಕಲ್ಲು, ಸುತ್ತ ಮಣ್ಣಿನ ಅಂಗಳ. ಹಳ್ಳಿಯ ಪಂಚಾಯಿತಿ, ಮಕ್ಕಳ ಆಟ, ಸಂಜೆಯ ಹರಟೆ ಎಲ್ಲ ಅಲ್ಲೇ. ಊರು ಬೆಳೆದಂತೆ ಆ ಜಾಗ ವಾಹನ ನಿಲ್ಲಿಸಲು ಹೋಯಿತು.

ಅದನ್ನು ಮರಳಿ ಪಡೆಯುವ ಪ್ರಯತ್ನ ಹಲವು ಕಡೆ ನಡೆದಿದೆ. ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ 2018ರಲ್ಲಿ ಅಗಲವಾದ ಪಾದಚಾರಿ ದಾರಿ, ಕಲ್ಲಿನ ಹಾಸು ಬಂತು. 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ಅಲ್ಲಿ ವಾಹನಗಳನ್ನು ತಡೆದರು. ಜನ ಬೀದಿಯ ನಡುವೆಯೇ ಓಡಾಡಿದರು. ಆದರೂ ಅದು ಜನರ ಬೀದಿಯಾಯಿತೇ ಹೊರತು ಹಸಿರು ಬೀದಿ ಆಗಲಿಲ್ಲ ಎಂದೇ ಹೇಳಬೇಕು. ಕಲ್ಲು ಹಾಸು ಹಾಗೇ ಇದೆ. ದಕ್ಷಿಣ ಕೊರಿಯಾದ ಸೋಲ್ ನಗರ ಇನ್ನೂ ಮುಂದೆ ಹೋಯಿತು. 2003ರಿಂದ 2005ರ ನಡುವೆ ಒಂದು ಮೇಲ್ಸೇತುವೆ ರಸ್ತೆಯನ್ನೇ ಕೆಡವಿ, ಅದರ ಕೆಳಗೆ ಮುಚ್ಚಿಹೋಗಿದ್ದ ಹಳ್ಳವನ್ನು ಹೆಚ್ಚು ಕಡಿಮೆ 6 ಕಿಲೋಮೀಟರ್ ಉದ್ದಕ್ಕೂ ತೆರೆದರು. ನೆದರ್ಲೆಂಡ್ಸ್‌ನಲ್ಲಿ ಊರೂರುಗಳ ನಡುವೆ ಹಾಸುಗಲ್ಲು ಕೀಳುವ ಸ್ಪರ್ಧೆಯೇ ನಡೆಯುತ್ತದೆ! 2020ರಲ್ಲಿ ಆಮ್‌ಸ್ಟರ್‌ಡ್ಯಾಮ್ ಮತ್ತು ರಾಟರ್‌ಡ್ಯಾಮ್ ನಗರಗಳ ನಡುವೆ ಆರಂಭವಾಯಿತು. ಕಿತ್ತ ಜಾಗದಲ್ಲಿ ಗಿಡ ನೆಡಬೇಕು.

ಹಾಗೆಂದು ಎಲ್ಲ ರಸ್ತೆಯನ್ನೂ ಅಗೆಯಲಾಗದು. ಬಸ್ಸು, ಆಂಬುಲೆನ್ಸ್ ಹೋಗುವ ದಾರಿ ಗಟ್ಟಿಯಾಗಿರಲೇಬೇಕು. ಅಗಲ ಅಗತ್ಯಕ್ಕಿಂತ ಹೆಚ್ಚಿರುವ ಕಡೆ, ಬೀದಿಯ ಮೂಲೆಯಲ್ಲಿ, ಶಾಲೆಯ ಗೇಟಿನ ಮುಂದೆ ಇದು ಸಾಧ್ಯ. ಕೆಳಗೆ ನೀರಿನ ಪೈಪು, ವಿದ್ಯುತ್ ತಂತಿ ಇರಬಹುದಾದ್ದರಿಂದ ಸ್ಥಳೀಯ ಸಂಸ್ಥೆಯ ಒಪ್ಪಿಗೆಯಿಲ್ಲದೆ ಅಗೆಯುವಂತಿಲ್ಲ. ಕಾಂಕ್ರೀಟ್ ಎತ್ತಿದ ಮೇಲೆ ಕಾಣುವ ಮಣ್ಣು ರೋಲರ್ ತುಳಿದು ಕಲ್ಲಿನಂತಾಗಿರುತ್ತದೆ. ಅದನ್ನು ಒಂದೂವರೆ ಅಡಿಯಾದರೂ ಅಗೆದು ಸಡಿಲಿಸಿ ಎಲೆಗೊಬ್ಬರ ಬೆರೆಸಬೇಕು. ಇಲ್ಲದಿದ್ದರೆ ಸಿಗುವುದು ಉದ್ಯಾನವಲ್ಲ, ಕೆಸರುಗುಂಡಿ. ನೆಡಲು ಹೊಂಗೆ, ಬೇವು ಒಳ್ಳೆಯವು. ಅರಳಿಗೆ ಮಾತ್ರ ಮನೆಗಳಿಂದ ದೂರ ಜಾಗ ಕೊಡಿ, ಅದರ ಬೇರು ಗೋಡೆ ಸೀಳುತ್ತದೆ.

ಮಾಡಿ ನೋಡಿ: ಎರಡೂ ತುದಿ ತೆರೆದ ಒಂದು ಡಬ್ಬಿ ತೆಗೆದುಕೊಳ್ಳಿ. ಅಂಚು ಚೂಪಾಗಿರುತ್ತದೆ, ದೊಡ್ಡವರಿಂದ ಕತ್ತರಿಸಿಸಿ. ಅದನ್ನು ಹುಲ್ಲಿರುವ ಮಣ್ಣಿನಲ್ಲಿ ಎರಡು ಬೆರಳಿನಷ್ಟು ಊರಿ, ಅರ್ಧ ಲೀಟರ್ ನೀರು ಸುರಿದು, ಪೂರ್ತಿ ಇಂಗಲು ಎಷ್ಟು ನಿಮಿಷ ಬೇಕಾಯಿತೆಂದು ಬರೆದುಕೊಳ್ಳಿ. ಮರದ ಬುಡದಲ್ಲಿ ಮತ್ತು ಆಟದ ಮೈದಾನದ ನಡುವೆಯೂ ಹೀಗೇ ಮಾಡಿ. ಅದೇ ಜಾಗಗಳಲ್ಲಿ, ಸಿಮೆಂಟ್ ನೆಲದ ಮೇಲೆ ಕೂಡ, ಮಧ್ಯಾಹ್ನ 2 ಗಂಟೆಗೆ ಪ್ರಯೋಗಶಾಲೆಯ ಥರ್ಮಾಮೀಟರಿನಿಂದ ಉಷ್ಣತೆ ಅಳೆಯಿರಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು 42 ಡಿಗ್ರಿಯ ಹತ್ತಿರವೇ ನಿಂತುಬಿಡುತ್ತದೆ. ಆಟದ ಮೈದಾನದ್ದೂ ಮಣ್ಣೇ ಆದರೂ ಅಲ್ಲಿ ನೀರು ತಡವಾಗಿ ಇಂಗಿದರೆ, ಏಕೆ ಹಾಗಾಯಿತೆಂದು ನಿಮ್ಮ ಗುಂಪಿನಲ್ಲಿ ಚರ್ಚಿಸಿ.