ಶುಶ್ರೂಷಕಿಯ ಅರಿವನ್ನು ಅಳೆಯುವ ಬಗೆ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬುದು ನಮ್ಮ ಹಿರಿಯರ ನುಡಿ. ರೋಗಿಯ ಆರೈಕೆಗೂ ಈ ಮಾತು ಸಲ್ಲುತ್ತದೆ. ಸಂಶೋಧನೆಯಿಂದ ದೊರೆತ ಆಧಾರ, ಶುಶ್ರೂಷಕಿಯ ಅನುಭವ, ರೋಗಿಯ ಇಷ್ಟಾನಿಷ್ಟ, ಈ ಮೂರನ್ನೂ ಕೂಡಿಸಿ ನಡೆಸುವ ಆರೈಕೆಯೇ ಆಧಾರನಿಷ್ಠ ಶುಶ್ರೂಷೆ.

ಇದು ಕೇವಲ ನಿನ್ನೆ ಮೊನ್ನೆಯ ವಿಚಾರವಲ್ಲ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ ಸ್ಕುಟಾರಿಗೆ ಹೋದ ಫ್ಲಾರೆನ್ಸ್ ನೈಟಿಂಗೇಲಳನ್ನು ನಾವು ದೀಪ ಹಿಡಿದ ಕರುಣಾಮಯಿಯೆಂದಷ್ಟೇ ಬಲ್ಲೆವು. ಆಕೆ ಸೈನಿಕರ ಮರಣಗಳನ್ನು ಕಾರಣವಾರಾಗಿ ವಿಂಗಡಿಸಿ, ಗಾಯಗಳಿಗಿಂತ ತಡೆಯಬಹುದಾದ ರೋಗಗಳಿಂದಲೇ ಹೆಚ್ಚು ಮಂದಿ ಸತ್ತರೆಂಬುದನ್ನು 1858ರಲ್ಲಿ ನಕ್ಷೆಗಳ ಮೂಲಕ ತೋರಿಸಿದಳು. ಕರುಣೆಯೊಡನೆ ಲೆಕ್ಕವೂ ಸೇರಿತ್ತು.

ಹಾಸಿಗೆ ಹುಣ್ಣಿನ ಉದಾಹರಣೆಯನ್ನು ನೋಡೋಣ. ಬಹುಕಾಲ ಮಲಗಿದವರ ಬೆನ್ನು ಕೆಂಪಾದರೆ ಸ್ಪಿರಿಟ್ ಹಚ್ಚಿ ಉಜ್ಜಬೇಕೆಂದು ಹಿಂದೆ ಕಲಿಸುತ್ತಿದ್ದರು. ಇಂಗ್ಲೆಂಡಿನ ಡೊರೀನ್ ನಾರ್ಟನ್ ಎಂಬ ಶುಶ್ರೂಷಕಿ ತನ್ನ ಸಂಗಡಿಗರೊಡನೆ ವೃದ್ಧ ರೋಗಿಗಳನ್ನು ಪರೀಕ್ಷಿಸಿ, ಹಚ್ಚುವ ಔಷಧಿಗಳಿಗಿಂತ ಮಗ್ಗುಲು ಬದಲಾಯಿಸಿ ಒತ್ತಡ ತಗ್ಗಿಸುವುದೇ ಫಲಕಾರಿಯೆಂದು 1962ರಲ್ಲಿ ಪ್ರಕಟಿಸಿದಳು. ದೇಹಸ್ಥಿತಿ, ಮನಃಸ್ಥಿತಿ, ಓಡಾಟ, ಅಂಗಚಲನೆ, ಮಲಮೂತ್ರ ನಿಯಂತ್ರಣ ಎಂಬ 5 ಅಂಶಗಳಿಗೆ ಅಂಕವಿತ್ತು ಅಪಾಯವನ್ನು ಮೊದಲೇ ಗುರುತಿಸುವ ಅಳತೆಗೋಲನ್ನೂ ಕೊಟ್ಟಳು. ಕೆಂಪಾದ ಚರ್ಮದ ಕೆಳಗಿನ ಮಾಂಸ ಆಗಲೇ ನೊಂದಿರಬಹುದಾದ್ದರಿಂದ ಅದನ್ನು ಉಜ್ಜಬಾರದೆಂಬುದು ಇಂದಿನ ಮತ.

ಹಾಗಾದರೆ ಈ ಅರಿವು ಶುಶ್ರೂಷಕಿಗೆ ಇದೆಯೆಂದು ತಿಳಿಯುವುದು ಹೇಗೆ? ಅವಳನ್ನೇ ಕೇಳುವುದು ಒಂದು ದಾರಿ. 2006ರಲ್ಲಿ ಬ್ರಿಟನ್ನಿನಲ್ಲಿ ಇದಕ್ಕಾಗಿ 24 ಪ್ರಶ್ನೆಗಳ ಪಟ್ಟಿಯೊಂದು ಪ್ರಕಟವಾಯಿತು. ಇದು ಸುಲಭವಾದುದು ನಿಜ. ಆದರೆ ತನ್ನ ಬೆನ್ನು ತನಗೆ ಕಾಣದು.

1990ರಲ್ಲಿ ಅಮೆರಿಕದ ಜಾರ್ಜ್ ಮಿಲ್ಲರ್ ವೈದ್ಯರ ಯೋಗ್ಯತೆಗೆ ಹೇಳಿದ 4 ಮೆಟ್ಟಿಲುಗಳು ಇಲ್ಲಿ ಉಪಯುಕ್ತ. ಹುಣ್ಣೇಕೆ ಆಗುತ್ತದೆಂದು ಬಲ್ಲಳೆ? ಇಂಥ ರೋಗಿಗೆ ಏನು ಮಾಡಬೇಕೆಂದು ಬಲ್ಲಳೆ? ಪರೀಕ್ಷಕರೆದುರು ಮಾಡಿ ತೋರಿಸಬಲ್ಲಳೆ? ಕೊನೆಗೆ, ಯಾರೂ ನೋಡದ ನಡುರಾತ್ರಿಯಲ್ಲಿ ಮಾಡುತ್ತಾಳೆಯೆ? ಮೊದಲೆರಡನ್ನು ಉತ್ತರ ಪತ್ರಿಕೆ ಅಳೆಯಬಲ್ಲದು. ಮೂರನೆಯದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇಕು. ನಾಲ್ಕನೆಯದಕ್ಕೆ ವಾರ್ಡಿನ ದಾಖಲೆಯೂ ರೋಗಿಯ ಬೆನ್ನೂ ಸಾಕ್ಷಿ. ಕಂಠಪಾಠದಿಂದ ತರಗತಿ ದಾಟುವ ನಮ್ಮಂಥ ವಿದ್ಯಾರ್ಥಿಗಳು ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲೆವು.

ಇಲ್ಲೊಂದು ನ್ಯಾಯದ ಪ್ರಶ್ನೆಯೂ ಉಂಟು. ರಾತ್ರಿ ಒಬ್ಬಳೇ ಇಡೀ ವಾರ್ಡನ್ನು ನೋಡಬೇಕಾದವಳು ಎಲ್ಲವನ್ನೂ ಬಲ್ಲವಳಾದರೂ ಎಲ್ಲರ ಮಗ್ಗುಲನ್ನೂ ವೇಳೆಗೆ ಸರಿಯಾಗಿ ಬದಲಾಯಿಸಲಾರಳು. 'ಉಜ್ಜು' ಎಂದು ಮೇಲಿನವರು ಆಜ್ಞಾಪಿಸಿದಾಗ 'ಏಕೆ?' ಎಂದು ಕೇಳುವ ಅವಕಾಶವಿಲ್ಲದಿದ್ದರೆ ಅವಳ ಜ್ಞಾನ ಪುಸ್ತಕದಲ್ಲೇ ಉಳಿಯುತ್ತದೆ. ಅಲ್ಲಿ ಅನುತ್ತೀರ್ಣವಾಗುವುದು ಆಸ್ಪತ್ರೆಯೇ ಹೊರತು ಅವಳಲ್ಲ. ಆದುದರಿಂದ ಶುಶ್ರೂಷಕಿಯನ್ನು ಅಳೆಯುವವರು ಅವಳಿಗೆ ಕೊಟ್ಟ ವೇಳೆ, ಸಲಕರಣೆ, ಸ್ವಾತಂತ್ರ್ಯಗಳನ್ನೂ ಅಳೆಯಬೇಕು. ಅಂಕ ಅವಳಿಗೆ ದೊರೆತರೂ, ತಪ್ಪಿದರೂ, ಅದರ ಫಲವನ್ನು ಉಣ್ಣುವವನು ಮಾತಾಡಲಾರದೆ ಮಲಗಿರುವ ರೋಗಿ.