ಕೇಕ್ ನಡುವೆ ಕುಸಿದದ್ದೇಕೆ?

ಗುಮ್ಮಘಟ್ಟದ ಸೋದರಿಗೆ,

ನಿಮ್ಮ ಕುಕ್ಕರ್‌ದೇನೂ ತಪ್ಪಿಲ್ಲ. ಬೇಕಿಂಗ್ ಪೌಡರ್ ಸಿಗಲಿಲ್ಲವೆಂದು ಅಷ್ಟೇ ಅಳತೆಯ ಅಡುಗೆ ಸೋಡಾ ಸುರಿದಿರಲ್ಲ, ಅಲ್ಲೇ ಕೆಟ್ಟದ್ದು. ಸೋಡಾ ಮೂರು ಪಟ್ಟು ಜೋರು. ಜೊತೆಗೆ ಹುಳಿಯೂ ಬೇಕು. ಹುಳಿ ಸಾಲದೆ ಉಳಿದ ಸೋಡಾವೇ ನಿಮಗೆ ಬಂದ ಸಾಬೂನಿನ ವಾಸನೆ.

ಒಂದು ಕಪ್ ಮೈದಾಕ್ಕೆ ಕಾಲು ಟೀ ಚಮಚ ಸೋಡಾ, ಅರ್ಧ ಕಪ್ ಹುಳಿ ಮೊಸರು ಸಾಕು. ಎಣ್ಣೆ ಮನೆಯಲ್ಲಿರುವ ಕಡಲೆಕಾಯಿಯದೇ ಆಗಲಿ; ಗಾಣದ್ದಾದರೆ ಘಮ ತುಸು ಮುಂದಾಗುತ್ತದೆ, ನನಗಂತೂ ಇಷ್ಟ. ರಾಗಿ ಹಿಟ್ಟು ಬೆರೆಸುವುದಾದರೆ ಕಾಲು ಭಾಗ ಮೀರದಿರಲಿ, ಅದಕ್ಕೆ ಮೈದಾದ ಜಿಗುಟಿಲ್ಲ.

ಹಿಟ್ಟು ಕಲಸಿದ ಕೂಡಲೇ ಒಲೆಗೇರಿಸಿ, ತಡವಾದರೆ ಗಾಳಿಗುಳ್ಳೆ ಒಡೆದುಹೋಗುತ್ತದೆ. ಗ್ಯಾಸ್ಕೆಟ್, ವಿಷಲ್ ಎರಡೂ ತೆಗೆದು, ನೀರು ಹಾಕದೆ, ತಳಕ್ಕೆ ಉಪ್ಪು ಹರಡಿ ಮೊದಲೇ ಕಾಯಿಸಿರಿ. ಸಣ್ಣ ಉರಿಯಲ್ಲಿ 40 ನಿಮಿಷ. ಮೊದಲ ಅರ್ಧ ಗಂಟೆ ಮಕ್ಕಳು ಎಷ್ಟೇ ಕಾಡಿದರೂ ಮುಚ್ಚಳ ತೆಗೆಯಬೇಡಿ.